ಮೋರಿ ಬಾಯಿಗೆ ಮಕ್ಕಳ ಕಾವಲು

ಜಿಲ್ಲಾ ಸ್ಟ್ರಿಂಗರ್‌ನ ಫೋನಿನಲ್ಲಿ ಮಕ್ಕಳ ಜಾಥಾದ ಫೋಟೊ ಎಷ್ಟಿರುತ್ತವೆ ಅಂತ ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರಿಸರ ದಿನಕ್ಕೊಂದು, ಗಾಂಧಿ ಜಯಂತಿಗೊಂದು, ಗಣೇಶನ ಹಬ್ಬಕ್ಕೆ ಮುಂಚೆ ಮಣ್ಣಿನ ಗಣಪನಿಗೊಂದು. ಮುಂದೆ ಬ್ಯಾನರ್, ಬ್ಯಾನರ್ ಹಿಂದೆ ಅಧಿಕಾರಿಗಳು, ಅವರ ಹಿಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮಕ್ಕಳು. ಮೂರು ಸಾಲು ಕ್ಯಾಪ್ಷನ್ ಬರೆದು ಡೆಸ್ಕಿಗೆ ಕಳಿಸಿದರೆ ಅವತ್ತಿನ ಕೆಲಸ ಮುಗಿಯಿತು.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಇಂಥದ್ದೇ ಒಂದು ಕರೆ ಬಂತು. ನಮ್ಮ ಕಡೆಯ ಒಂದು ಸಣ್ಣ ಪಟ್ಟಣದ ಸರ್ಕಾರಿ ಶಾಲೆಯ ಮಕ್ಕಳು ರಸ್ತೆ ಬದಿ ಮೋರಿಗಳ ಪಕ್ಕದಲ್ಲಿ ಹಳದಿ ಬಣ್ಣದಲ್ಲಿ ಮೀನಿನ ಚಿತ್ರ ಬರೆಯುತ್ತಿದ್ದರು. ಕೆಳಗೆ ‘ಇಲ್ಲಿ ಮಳೆ ನೀರು ಮಾತ್ರ’ ಎಂಬ ಬರಹ. ಟೀಚರಮ್ಮ ಯೂಟ್ಯೂಬಿನಲ್ಲಿ ನೋಡಿ ಕಲಿಸಿದ್ದಂತೆ. ಫೋಟೊ ತೆಗೆದು ಹೊರಡುವಾಗ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, “ಸಾರ್, ಈ ಮೋರೀಲಿ ಮೀನೇ ಇಲ್ವಲ್ಲ, ಯಾಕೆ ಮೀನು ಬರೀತೀವಿ?”

ಉತ್ತರ ನನಗೂ ಗೊತ್ತಿರಲಿಲ್ಲ. ಆ ಹಳದಿ ಮೀನು ಎಲ್ಲಿಂದ ಈಜಿಕೊಂಡು ಬಂತು ಅಂತ ಹುಡುಕಲು ಕೂತವನು ಮೊದಲು ಕೆನಡಾಕ್ಕೆ, ಅಲ್ಲಿಂದ ಅಮೆರಿಕಕ್ಕೆ, ಕೊನೆಗೆ 1878ರ ಒಂದು ಸಾವಿನ ಊರಿಗೆ ಹೋಗಿ ಮುಟ್ಟಿದೆ. ಹಿಂದಿನಿಂದ ಮುಂದಕ್ಕೆ ಹೇಳುತ್ತೇನೆ.

ಮಿಸಿಸಿಪ್ಪಿ ನದಿ ದಂಡೆಯ ಮೆಂಫಿಸ್ ನಗರಕ್ಕೆ 1878ರ ಬೇಸಿಗೆಯಲ್ಲಿ ಹಳದಿ ಜ್ವರ ಬಂತು. ಅನುಕೂಲವಿದ್ದವರು ರೈಲು ಹತ್ತಿ ಓಡಿದರು, ಉಳಿದವರಲ್ಲಿ 5,000ಕ್ಕೂ ಹೆಚ್ಚು ಜನ ಸತ್ತರು. ಮೊದಲೇ ಸಾಲದಲ್ಲಿ ಮುಳುಗಿದ್ದ ನಗರ ಮರುವರ್ಷ ತನ್ನ ನಗರಸಭೆಯ ಸನ್ನದನ್ನೇ ಬಿಟ್ಟುಕೊಟ್ಟಿತು. ಅಂದರೆ ಕಾನೂನಿನ ಲೆಕ್ಕದಲ್ಲಿ ಆ ಊರು ಊರಾಗಿ ಉಳಿಯಲಿಲ್ಲ, ತೆರಿಗೆ ವಸೂಲಿಯ ಒಂದು ಜಿಲ್ಲೆಯಾಯಿತು. ಜ್ವರ ಸೊಳ್ಳೆಯಿಂದ ಬರುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಕೊಳೆತದ್ದರಿಂದ ಏಳುವ ಕೆಟ್ಟ ಗಾಳಿಯೇ ಕಾರಣ ಎಂದು ನಂಬಿದ್ದ ಕಾಲ. ಊರು ಚೊಕ್ಕವಾದರೆ ಜ್ವರ ಹೋಗುತ್ತದೆ ಅಂತ ಲೆಕ್ಕ ಹಾಕಿದರು.

ಆಗ ಬಂದವನು ಜಾರ್ಜ್ ವೇರಿಂಗ್. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕಟ್ಟುವಾಗ ಅಲ್ಲಿನ ಜೌಗು ನೆಲದ ನೀರು ಬಸಿಯುವ ಕೆಲಸ ಮಾಡಿದ್ದವನು, ಅಮೆರಿಕದ ಅಂತರ್ಯುದ್ಧದಲ್ಲಿ ಕರ್ನಲ್ ಆಗಿದ್ದವನು. ಮಲಮೂತ್ರದ ನೀರಿಗೂ ಮಳೆ ನೀರಿಗೂ ಒಂದೇ ದೊಡ್ಡ ಕೊಳವೆ ಬೇಡ ಎಂದ. ಮಳೆ ಬಂದಾಗ ತುಂಬಿ, ಉಳಿದ ದಿನ ಖಾಲಿ ಹೊಡೆಯುವ ಅಷ್ಟು ದೊಡ್ಡ ಸುರಂಗಕ್ಕೆ ದಿವಾಳಿಯಾದ ಊರಿನಲ್ಲಿ ದುಡ್ಡೆಲ್ಲಿತ್ತು? 1880ರಲ್ಲಿ ಆರು ಇಂಚಿನ ಸಣ್ಣ ಕೊಳವೆಗಳನ್ನು ಹೂಳಿಸಿದ. ಅವುಗಳಲ್ಲಿ ಮನೆಯ ಕೊಳಚೆ ಮಾತ್ರ. ಸಾಲಿನ ತಲೆಗೊಂದು ತೊಟ್ಟಿ. ಆಗಾಗ ತುಂಬಿ, ತಾನೇ ಸುರಿದು, ಕೊಳವೆ ತೊಳೆಯುತ್ತಿತ್ತು. ಮಳೆ ನೀರನ್ನು ಅದರ ಪಾಡಿಗೆ ಬಿಟ್ಟರು, ರಸ್ತೆ ಬದಿಯಲ್ಲಿ ಹರಿದು ಹಳ್ಳಕ್ಕೆ, ನದಿಗೆ.

ಎರಡನ್ನೂ ಬೇರೆ ಮಾಡುವ ಮಾತು ವೇರಿಂಗ್ ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನಲ್ಲಿ ಎಡ್ವಿನ್ ಚಾಡ್ವಿಕ್ ಮೊದಲಾದವರು ದಶಕಗಳ ಹಿಂದೆಯೇ ಅದರ ಪರ ವಾದ ಮಾಡಿದ್ದರು. ಮೆಂಫಿಸ್‌ನ ಸಣ್ಣ ಕೊಳವೆಗಳು ಕಟ್ಟಿಕೊಂಡು ತೊಂದರೆ ಕೊಟ್ಟದ್ದೂ ಉಂಟು. ಆದರೂ ಅಮೆರಿಕದ ಊರುಗಳು ಒಂದರ ಹಿಂದೊಂದು ‘ಬೇರೆ ಬೇರೆ ಕೊಳವೆ’ಯ ದಾರಿ ಹಿಡಿದದ್ದಕ್ಕೆ ಮೆಂಫಿಸ್ ದೊಡ್ಡ ಉದಾಹರಣೆಯಾಯಿತು. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದು ತಪ್ಪೂ ಅಲ್ಲ. ಕೊಳಚೆ ನೀರನ್ನು ಮುಂದೊಂದು ದಿನ ಶುದ್ಧಗೊಳಿಸಬೇಕೆಂದರೆ ಅದು ಮಳೆ ನೀರಿನೊಡನೆ ಬೆರೆಯದಿರುವುದೇ ಒಳ್ಳೆಯದು. ಆದರೆ ಒಂದು ಗಂಟು ಉಳಿದುಬಿಟ್ಟಿತು. ಮಳೆ ನೀರು ಶುದ್ಧ ಎಂದು ಎಲ್ಲರೂ ಭಾವಿಸಿದರು. ಆಕಾಶದಿಂದ ಬೀಳುವಾಗ ಶುದ್ಧವೇ. ಬೀದಿ ದಾಟಿ ಮೋರಿಗೆ ಇಳಿಯುವಷ್ಟರಲ್ಲಿ ಬೀದಿಯಲ್ಲಿದ್ದದ್ದೆಲ್ಲ ಅದರ ಜೊತೆ ಹೊರಟಿರುತ್ತದೆ. ಆ ನೀರಿಗೆ ನದಿಯವರೆಗೆ ಒಂದು ಜರಡಿಯೂ ಅಡ್ಡ ಸಿಗುವುದಿಲ್ಲ.

ಹಾಗಾದರೆ ಜರಡಿ ಯಾವುದು? ಬೀದಿಯೇ ಜರಡಿ. ಬೀದಿ ಸ್ವಚ್ಛವಿದ್ದರೆ ಮೋರಿ ಸ್ವಚ್ಛ. ಕೊಳವೆ ಬೇರೆ ಮಾಡಿದ ಇದೇ ವೇರಿಂಗ್ ಹದಿನೈದು ವರ್ಷಗಳ ನಂತರ ಪೊರಕೆ ಹಿಡಿಯಬೇಕಾಗಿ ಬಂದದ್ದು ನನಗೆ ಈ ಕತೆಯ ಅತಿ ಸ್ವಾರಸ್ಯದ ಭಾಗ.

1895ರಲ್ಲಿ ನ್ಯೂಯಾರ್ಕಿಗೆ ವಿಲಿಯಂ ಸ್ಟ್ರಾಂಗ್ ಎಂಬ ಸುಧಾರಣಾವಾದಿ ಮೇಯರ್ ಬಂದ. ಬೀದಿ ಗುಡಿಸುವ ಇಲಾಖೆಯನ್ನು ಮೊದಲು ಥಿಯೋಡರ್ ರೂಸ್ವೆಲ್ಟ್‌ಗೆ ಕೊಡಲು ಹೋದರು, ಮುಂದೆ ಅಮೆರಿಕದ ಅಧ್ಯಕ್ಷನಾದನಲ್ಲ, ಅವನೇ. ಆತ ಒಲ್ಲೆ ಎಂದು ಪೊಲೀಸ್ ಕಮಿಷನರ್ ಕುರ್ಚಿ ಆರಿಸಿಕೊಂಡ. ಕಸದ ಕುರ್ಚಿ ವೇರಿಂಗ್ ಪಾಲಿಗೆ ಬಂತು. ಆಗಿನ ನ್ಯೂಯಾರ್ಕಿನ ಫೋಟೊಗಳು ಸಿಗುತ್ತವೆ, ನೋಡಿ. ಕುದುರೆ ಲದ್ದಿ, ಒಲೆಯ ಬೂದಿ, ತರಕಾರಿ ಸಿಪ್ಪೆ ಮೊಣಕಾಲಿನವರೆಗೆ. ಸತ್ತ ಕುದುರೆ ಬೀದಿಯಲ್ಲೇ ಬಿದ್ದಿರುತ್ತಿತ್ತು. ಮಳೆ ಬಂದರೆ ಇದೆಲ್ಲ ಮೋರಿ ಬಾಯಿಯಿಂದ ಈಸ್ಟ್ ರಿವರ್‌ಗೋ ಹಡ್ಸನ್‌ಗೋ ಇಳಿಯಬೇಕು, ಇಲ್ಲವೇ ಮೋರಿ ಕಟ್ಟಿ ಬಡವರ ನೆಲಮಾಳಿಗೆಗೆ ನುಗ್ಗಬೇಕು. ಇಲಾಖೆಯಲ್ಲಿ ಕೆಲಸಕ್ಕೆ ಸೇರುವುದು, ಬಿಡುವುದು ಟ್ಯಾಮನಿ ಹಾಲ್ ಎಂಬ ರಾಜಕೀಯ ಕೂಟದ ಕೈಯಲ್ಲಿತ್ತು. ಗುಡಿಸುವವರ ಹೆಸರು ಪಟ್ಟಿಯಲ್ಲಿ, ಆಳು ಇನ್ನೆಲ್ಲೋ. ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ವೇರಿಂಗ್ ಮೊದಲು ಗುಡಿಸುವವರನ್ನು ಮನುಷ್ಯರೆಂದು ಕಂಡ. ಬಿಳಿ ಸಮವಸ್ತ್ರ ಕೊಟ್ಟ. ಕಸ ಬಳಿಯುವವರಿಗೆ ಬಿಳಿ ಬಟ್ಟೆಯೇ ಅಂತ ಪತ್ರಿಕೆಗಳು ನಕ್ಕವು. ಆತನ ಲೆಕ್ಕ ಬೇರೆ ಇತ್ತು: ಬಿಳಿ ಎಂದರೆ ಆಸ್ಪತ್ರೆ, ಬಿಳಿ ಎಂದರೆ ವೈದ್ಯ. ಜೊತೆಗೆ, ಬಿಳಿ ಬಟ್ಟೆಯ ಮನುಷ್ಯ ಕೆಲಸ ಬಿಟ್ಟು ಹೆಂಡದಂಗಡಿಯಲ್ಲಿ ಕೂತರೆ ದೂರದಿಂದಲೇ ಕಾಣುತ್ತಾನೆ. 1896ರಲ್ಲಿ ಅದೇ ಜನ ಬ್ಯಾಂಡ್ ಸಮೇತ ಮೆರವಣಿಗೆ ಹೊರಟಾಗ ನಕ್ಕಿದ್ದ ಊರು ಚಪ್ಪಾಳೆ ತಟ್ಟಿತು. ‘ಬಿಳಿ ರೆಕ್ಕೆಯವರು’ ಎಂಬ ಹೆಸರು ನಿಂತಿತು. ಮನೆಮನೆಯಲ್ಲೂ ಬೂದಿ, ಅಡುಗೆ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆಂಬ ನಿಯಮ ತಂದ. ಹಸಿ ಕಸ ಒಣ ಕಸದ ಆಟೋದ ಹಾಡು ಕೇಳಿ ಏಳುವ ನಾವು ಅದನ್ನು ಹೊಸ ಸಂಗತಿ ಅಂದುಕೊಂಡಿದ್ದೇವೆ.

ಗುಡಿಸಿದ ಅರ್ಧ ಗಂಟೆಗೆ ಬೀದಿ ಮತ್ತೆ ಕಸವಾಗುತ್ತಿತ್ತು. ಅದರಲ್ಲೂ ಲೋಯರ್ ಈಸ್ಟ್ ಸೈಡ್ ಎಂಬ ಕಡೆ. ರಷ್ಯಾದಿಂದ ಬಂದ ಯಹೂದಿಗಳು, ಇಟಲಿಯವರು, ಇನ್ನೂ ಹತ್ತು ದೇಶದವರು ಒಂದೊಂದು ಕೋಣೆಯಲ್ಲಿ ಹತ್ತು ಜನರಂತೆ ಇದ್ದ ಕೇರಿಗಳು. ಇಲಾಖೆಯ ನೋಟಿಸು ಇಂಗ್ಲಿಷಿನಲ್ಲಿ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದು, ಶಾಲೆಗೆ ಹೋಗುವ ಮಕ್ಕಳಿಗೆ ಬರುತ್ತಿತ್ತು. ವೇರಿಂಗ್ ಮಕ್ಕಳ ಕಡೆ ತಿರುಗಿದ್ದು ಇಲ್ಲಿ. ‘ಜುವೆನೈಲ್ ಸ್ಟ್ರೀಟ್ ಕ್ಲೀನಿಂಗ್ ಲೀಗ್’ ಎಂದು ಕೇರಿಗೊಂದು, ಶಾಲೆಗೊಂದು ಸಂಘ ಕಟ್ಟಿಸಿದ. ನೋಡಿಕೊಳ್ಳಲು ಡೇವಿಡ್ ವಿಲ್ಲಾರ್ಡ್ ಎಂಬವನನ್ನು ನೇಮಿಸಿದ. ಮಕ್ಕಳಿಗೆ ಬ್ಯಾಡ್ಜು, ಬಿಳಿ ಟೊಪ್ಪಿ, ಹಾಡು, ಪ್ರತಿಜ್ಞೆ, ವಾರದ ಸಭೆ.

ಇಷ್ಟೇ ಆಗಿದ್ದರೆ ಇದೂ ಒಂದು ಜಾಥಾ. ಆದರೆ ಆ ಮಕ್ಕಳಿಗೆ ಇನ್ನೊಂದು ಕೆಲಸವಿತ್ತು: ವರದಿ ಬರೆಯುವುದು. ಯಾವ ಬೀದಿ, ಎಷ್ಟು ಗಂಟೆ, ಏನು ಕಂಡೆ, ಏನು ಮಾಡಿದೆ. ಅಂಥ ಒಂದು ವರದಿ ವೇರಿಂಗ್‌ನ ಪುಸ್ತಕದಲ್ಲಿ ಅಚ್ಚಾಗಿ ಉಳಿದುಕೊಂಡಿದೆ. ಬ್ರೂಮ್ ಸ್ಟ್ರೀಟಿನಲ್ಲಿ ಒಬ್ಬಾತ ಹಳೆ ಹಾಸಿಗೆಯನ್ನು ಬೀದಿಗೆ ಎಸೆಯುತ್ತಿದ್ದುದನ್ನು ಒಂದು ಮಗು ನೋಡಿತು. ಹತ್ತಿರ ಹೋಗಿ, ಇದನ್ನು ಹಾಕಲು ಬೇರೆ ಜಾಗವಿಲ್ಲವೇ ಎಂದು ಕೇಳಿತು. ಆತ ತನಗೆ ಗೊತ್ತಿಲ್ಲ ಎಂದ. ಕಸದ ಪೀಪಾಯಿಗೆ ಹಾಕಿ ಎಂದು ಹೇಳಿಕೊಟ್ಟಿತು. ಆತ ಎತ್ತಿಕೊಂಡು, ಥ್ಯಾಂಕ್ಸ್ ಹೇಳಿ ಹೋದ. ಆಮೇಲೆ ತಾನು ಆರಿಸಿದ ಬಾಳೆಹಣ್ಣಿನ ಸಿಪ್ಪೆ ಎಷ್ಟು, ಕಲ್ಲಂಗಡಿ ಸಿಪ್ಪೆ ಎಷ್ಟು ಎಂದು ಎಣಿಸಿ ಬರೆದಿದೆ ಆ ಮಗು. ಎಷ್ಟು ಒಳ್ಳೆ ವರದಿಗಾರಿಕೆ! ಜಾಗ ಇದೆ, ಸಮಯ ಇದೆ, ಎದುರಿನವನ ಮಾತಿದೆ, ಸಂಖ್ಯೆ ಇದೆ. ನಮ್ಮ ಡಿಪ್ಲೊಮಾ ತರಗತಿಯಲ್ಲಿ ಮೊದಲ ವಾರ ಹೇಳಿಕೊಟ್ಟದ್ದು ಇದನ್ನೇ.

ವೇರಿಂಗ್‌ನನ್ನು ಸಂತನಂತೆ ಬರೆಯುವ ಆಸೆ ನನಗಿಲ್ಲ. ವಲಸೆ ಬಂದವರಿಗೆ ನಾಗರಿಕತೆ ಕಲಿಸಬೇಕು, ಮಕ್ಕಳ ಮೂಲಕ ತಂದೆತಾಯಿಯನ್ನು ತಿದ್ದಬೇಕು ಎಂಬ ದೊಡ್ಡಣ್ಣನ ಧೋರಣೆ ಆತನಲ್ಲಿ ಧಾರಾಳವಾಗಿತ್ತು. ಆ ಕೇರಿಗಳಲ್ಲಿ ಕಸ ಬಿದ್ದಿದ್ದಕ್ಕೆ ಜನರ ಅಭ್ಯಾಸದಷ್ಟೇ ಇಲಾಖೆ ಅತ್ತ ತಲೆ ಹಾಕದಿದ್ದದ್ದೂ ಕಾರಣ. ಆದರೆ ಕ್ರಮ ಗಮನಿಸಿ. ಮೊದಲು ಗುಡಿಸುವ ಆಳು ಬಂದ, ಗಾಡಿ ಬಂತು, ಪೀಪಾಯಿ ಬಂತು. ಆಮೇಲೆ ಮಕ್ಕಳು ಬಂದರು. ಹಾಸಿಗೆ ಎಸೆದವನಿಗೆ ಆ ಮಗು ತೋರಿಸಿದ ಪೀಪಾಯಿ ನಿಜವಾಗಿ ಅಲ್ಲಿತ್ತು.

1897ರ ಚುನಾವಣೆಯಲ್ಲಿ ಟ್ಯಾಮನಿ ಹಾಲ್ ಮತ್ತೆ ಗೆದ್ದಿತು, ಹೊಸ ವರ್ಷಕ್ಕೆ ವೇರಿಂಗ್ ಮನೆಗೆ ಹೋದ. ಅದೇ ವರ್ಷ ಅಂದರೆ 1898ರ ಅಕ್ಟೋಬರಿನಲ್ಲಿ, ಯುದ್ಧ ಮುಗಿದ ಕ್ಯೂಬಾದ ಹವಾನಾ ನಗರವನ್ನು ಚೊಕ್ಕ ಮಾಡುವುದು ಹೇಗೆಂದು ನೋಡಿ ಬರಲು ಸರ್ಕಾರ ಕಳಿಸಿತು. ವಾಪಸು ಬಂದವನು ಅಕ್ಟೋಬರ್ 29ರಂದು ತೀರಿಕೊಂಡ. ಹಳದಿ ಜ್ವರ. ಹದಿನೆಂಟು ವರ್ಷದ ಹಿಂದೆ ಮೆಂಫಿಸ್‌ನಲ್ಲಿ ಯಾವುದರ ವಿರುದ್ಧ ಕೊಳವೆ ಹೂಳಿಸಿದ್ದನೋ ಅದೇ. ಎರಡು ವರ್ಷ ತಡೆದಿದ್ದರೆ ವಾಲ್ಟರ್ ರೀಡ್ ತಂಡ ಅದೇ ಕ್ಯೂಬಾದಲ್ಲಿ, ಕ್ಯೂಬಾದವನೇ ಆದ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದ ಮಾತು ಸರಿ, ಜ್ವರ ತರುವುದು ಸೊಳ್ಳೆ ಎಂದು ಸಾಬೀತು ಮಾಡಿದ್ದನ್ನು ಕೇಳುತ್ತಿದ್ದ. ಮಕ್ಕಳ ಸಂಘಗಳು ಒಂದಷ್ಟು ಕಾಲ ನಡೆದವು, ಬೇರೆ ನಗರಗಳೂ ಅನುಕರಿಸಿದವು, ಬರಬರುತ್ತ ಕರಗಿದವು. ಕುದುರೆ ಹೋಗಿ ಮೋಟಾರು ಬಂತು. ಲದ್ದಿಯಿಲ್ಲದ ಬೀದಿ ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತದೆ. ಎಂಜಿನ್ ಆಯಿಲ್, ಬ್ರೇಕಿನ ಪುಡಿ, ಟೈರಿನ ಪುಡಿ ಮೂಗಿಗೆ ಬಡಿಯುವುದಿಲ್ಲ.

ಮುಂದಿನ ಎಪ್ಪತ್ತು ವರ್ಷ ಮಳೆನೀರ ಮೋರಿಯನ್ನು ಹೆಚ್ಚಿನವರು ಪ್ರವಾಹ ತಪ್ಪಿಸುವ ಸಾಧನವಾಗಿ ಮಾತ್ರ ನೋಡಿದರು. 1969ರಲ್ಲಿ ಒಹಾಯೊ ರಾಜ್ಯದ ಕಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆಗೆ ಬೆಂಕಿ ಬಿದ್ದದ್ದು ದೊಡ್ಡ ಸುದ್ದಿಯಾಯಿತು. 1972ರಲ್ಲಿ ಶುದ್ಧ ಜಲ ಕಾಯ್ದೆ ಬಂತು. ಅದು ಮೊದಲು ಹಿಡಿದದ್ದು ಕಾರ್ಖಾನೆಯ ಕೊಳವೆಯನ್ನು, ನಗರದ ಕೊಳಚೆ ಕೊಳವೆಯನ್ನು. ಕೊಳವೆಗೆ ಒಬ್ಬ ಮಾಲೀಕನಿರುತ್ತಾನೆ, ನೋಟಿಸು ಕೊಡಬಹುದು. ಬೀದಿಯಿಂದ ಹರಿಯುವ ಮಳೆ ನೀರಿಗೆ ಮಾಲೀಕ ಯಾರು? 28 ಕಡೆ ಅಧ್ಯಯನ ಮಾಡಿ ಅಲ್ಲಿನ ಪರಿಸರ ಸಂಸ್ಥೆ 1983ರಲ್ಲಿ ವರದಿ ಕೊಟ್ಟಿತು. ನಗರದ ಮಳೆ ನೀರಿನಲ್ಲಿ ಸೀಸ, ಸತು, ತಾಮ್ರ, ರೋಗಾಣು ಎಲ್ಲ ಇದ್ದವು. 1987ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. 1990ರ ನಿಯಮ ದೊಡ್ಡ ನಗರಗಳಿಗೆ, 1999ರ ನಿಯಮ ಸಣ್ಣ ಊರುಗಳಿಗೆ. ಸಣ್ಣ ಊರುಗಳು ಮಾಡಲೇಬೇಕಾದ ಆರು ಕೆಲಸಗಳಲ್ಲಿ ಮೊದಲೆರಡು ಜನರಿಗೆ ತಿಳಿಸುವುದು ಮತ್ತು ಜನರನ್ನು ಒಳಗೊಳ್ಳುವುದು. ನೂರು ವರ್ಷ ಕಳೆದು ಮಕ್ಕಳು ಮತ್ತೆ ಬೀದಿಗೆ ಬಂದರು, ಈ ಸಲ ಬಣ್ಣದ ಡಬ್ಬಿ ಹಿಡಿದು.

ಹಳದಿ ಮೀನು ಹುಟ್ಟಿದ್ದು ಕೆನಡಾದಲ್ಲಿ. ಟ್ರೌಟ್ ಅನ್‌ಲಿಮಿಟೆಡ್ ಕೆನಡಾ ಎಂಬ ಸಂಸ್ಥೆ 1991ರಲ್ಲಿ ‘ಯೆಲ್ಲೊ ಫಿಶ್ ರೋಡ್’ ಎಂಬ ಕಾರ್ಯಕ್ರಮ ಶುರು ಮಾಡಿತು. ಟ್ರೌಟ್ ಎಂದರೆ ತಣ್ಣನೆಯ ತಿಳಿ ನೀರಿನ ಮೀನು, ಕೊಳೆ ಸಹಿಸುವುದಿಲ್ಲ. ಶಾಲೆ ಮಕ್ಕಳು, ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಮೋರಿ ಬಾಯಿಯ ಪಕ್ಕ ಅಚ್ಚಿಟ್ಟು ಮೀನು ಬಳಿಯುತ್ತಾರೆ, ಅಕ್ಕಪಕ್ಕದ ಮನೆ ಬಾಗಿಲಿಗೆ ಮೀನಿನಾಕಾರದ ಚೀಟಿ ಸಿಕ್ಕಿಸುತ್ತಾರೆ. ಅಲ್ಲಿನ ಮೋರಿ ನೆಲದಡಿ, ಮೇಲೆ ಕಬ್ಬಿಣದ ಜಾಲರಿ. ಅದರೊಳಗೆ ಹೋದದ್ದು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ ಎಂದು ಅಲ್ಲಿನ ಎಷ್ಟೋ ಜನ ನಂಬಿರುತ್ತಾರೆ. ಕಾರು ತೊಳೆದ ಸೋಪಿನ ನೀರು, ಉಳಿದ ಪೇಂಟು, ಹಳೆ ಆಯಿಲ್ ಎಲ್ಲ ಅಲ್ಲಿಗೇ ಸುರಿಯುತ್ತಾರೆ. ಜಾಲರಿಯಡಿಯ ಗುಂಡಿ ಮರಳು, ಕಡ್ಡಿಯನ್ನು ಒಂದಿಷ್ಟು ತಡೆಯಬಹುದು. ಕರಗಿದ ಸೋಪನ್ನು ತಡೆಯಲಾರದು. ಸೋಪು ಮೀನಿನ ಕಿವಿರಿನ ಮೇಲಿನ ಲೋಳೆಯನ್ನು ತೊಳೆದುಹಾಕುತ್ತದೆ. ಆ ಹಳದಿ ಮೀನು ಹೇಳುವುದು, ‘ಇದರ ಇನ್ನೊಂದು ತುದಿಯಲ್ಲಿ ನಾನಿದ್ದೇನೆ’ ಎಂದು. ಅಲ್ಲಿಗೆ ಅದು ಸರಿಯಾದ ಚಿತ್ರ. ಕಾಣದ್ದನ್ನು ಕಾಣಿಸುತ್ತದೆ.

ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಅವಳ ಪ್ರಶ್ನೆಯೇ ಹೆಚ್ಚು ಸರಿ ಅನ್ನಿಸಿತು. ನಮ್ಮ ಪಟ್ಟಣಗಳ ಮೋರಿಯಲ್ಲಿ ಕಾಣದ್ದು ಏನಿದೆ? ತೆರೆದ ಚರಂಡಿ, ಮೇಲೆ ಅಂಗಡಿಯವರು ಹಾಕಿದ ಚಪ್ಪಡಿ. ಮಳೆ ನೀರು, ಬಚ್ಚಲ ನೀರು, ಎಷ್ಟೋ ಕಡೆ ಕಕ್ಕಸಿನ ನೀರು ಎಲ್ಲ ಒಂದರಲ್ಲೇ. ವೇರಿಂಗ್ 1880ರಲ್ಲಿ ಬೇರೆ ಮಾಡಿದ್ದನ್ನು ನಾವಿನ್ನೂ ಮಾಡುತ್ತಿದ್ದೇವೆ. ಯುಜಿಡಿ ಕಾಮಗಾರಿ ಎಂದು ರಸ್ತೆ ಅಗೆದು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಗುಟ್ಟಲ್ಲ. ಕೆರೆಗೆ. ಬೆಂಗಳೂರಿನ ರಾಜಕಾಲುವೆಗಳು ಒಂದು ಕೆರೆಯ ಕೋಡಿ ನೀರನ್ನು ಮುಂದಿನ ಕೆರೆಗೆ ಒಯ್ಯುತ್ತಿದ್ದವು. ಈಗ ಏನು ಒಯ್ಯುತ್ತವೆ ಎಂದು 2015ರಲ್ಲೂ, ಮತ್ತೆ 2017 ಮತ್ತು 2018ರಲ್ಲೂ ಹೊತ್ತಿದ ಬೆಳ್ಳಂದೂರು ಕೆರೆ ತೋರಿಸಿದೆ. ವೃಷಭಾವತಿಯ ನೀರು ಬಿಡದಿ ಪಕ್ಕದ ಬೈರಮಂಗಲ ಕೆರೆಗೆ ಬಂದು ನಿಲ್ಲುತ್ತದೆ. ಆ ನೊರೆಯ ನೀರಲ್ಲೇ ರೈತರು ಬೇಸಾಯ ಮಾಡಿದ್ದಾರೆ. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಇದನ್ನು ಬಲ್ಲವರಿಗೆ ಮೀನು ಬರೆದು ತೋರಿಸಬೇಕಾಗಿಲ್ಲ.

ಮಕ್ಕಳನ್ನು ಸೇರಿಸಿಕೊಳ್ಳುವ ಆದೇಶಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರಿನಲ್ಲಿ ಶಾಲೆಗಳಲ್ಲಿ ಪರಿಸರ ಪಾಠ ಕಡ್ಡಾಯವಾಗಬೇಕು ಎಂದಿತು. ಕೆನಡಾದಲ್ಲಿ ಮೀನು ಹುಟ್ಟಿದ ವರ್ಷವೇ. 2001ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಪಡೆ ತಂದಿತು, ಶಾಲೆಗಳಲ್ಲಿ ಇಕೋ ಕ್ಲಬ್ ಆದವು. ನಾನು ನೋಡಿದ ಇಕೋ ಕ್ಲಬ್‌ಗಳಲ್ಲಿ ಗಿಡ ನೆಡುವುದುಂಟು, ಚಿತ್ರ ಸ್ಪರ್ಧೆಯುಂಟು, ಪೊರಕೆ ಹಿಡಿಸಿ ಫೋಟೊ ತೆಗೆಸುವುದುಂಟು. ಪೊರಕೆ ವಿಷಯಕ್ಕೆ ಒಂದು ಮಾತು: ಚರಂಡಿಗೆ ಇಳಿಯುವುದು, ಕೈ ಹಾಕುವುದು ಮಕ್ಕಳ ಕೆಲಸವಲ್ಲ, ಬರಿಗೈಯಲ್ಲಿ ಅದು ಯಾರ ಕೆಲಸವೂ ಅಲ್ಲ. ಅಂಥ ಫೋಟೊ ನಾನು ಈಗ ಕಳಿಸುವುದಿಲ್ಲ. ಮಕ್ಕಳು ಬರೆದ ದೂರು ಓದಿ ಉತ್ತರ ಕೊಡುವ ಏರ್ಪಾಡು ಇರುವುದು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ. ಶಾಲೆಗೆ ಕಾಂಪೌಂಡ್ ಇಲ್ಲ, ಬೋರ್‌ವೆಲ್ ಕೆಟ್ಟಿದೆ ಎಂದು ಮಕ್ಕಳು ಎದ್ದು ಕೇಳಿ ಪಿಡಿಒ ತಬ್ಬಿಬ್ಬಾದದ್ದನ್ನು ನಾನೇ ವರದಿ ಮಾಡಿದ್ದೇನೆ. ಪುರಸಭೆ ವ್ಯಾಪ್ತಿಯ ಮಕ್ಕಳಿಗೆ ಅಂಥ ಸಭೆ ನಡೆದದ್ದನ್ನು ನಾನು ಕಂಡಿಲ್ಲ.

ವೇರಿಂಗ್ ಕತೆ ಓದಿದ ಮೇಲೆ ಟೀಚರಮ್ಮನಿಗೆ ಫೋನ್ ಮಾಡಿ ಆ ಹಾಸಿಗೆಯ ವರದಿ ಹೇಳಿದೆ. ಅವರು ಮಾರನೇ ದಿನವೇ ಮಕ್ಕಳಿಗೆ ನೂರು ಪುಟದ ನೋಟ್‌ಬುಕ್ ಕೊಟ್ಟರು. ಮೀನು ಬರೆದ ಮೋರಿಗಳನ್ನೇ ಮಕ್ಕಳು ಹಂಚಿಕೊಂಡರು. ಶಾಲೆಗೆ ಬರುವಾಗ, ಹೋಗುವಾಗ ನೋಡುವುದು, ಬರೆಯುವುದು. ಯಾರ ಜೊತೆಗೂ ಜಗಳವಿಲ್ಲ, ಚರಂಡಿ ಹತ್ತಿರ ಹೋಗುವಂತಿಲ್ಲ. ಒಂದು ತಿಂಗಳಿಗೆ ಹದಿನಾಲ್ಕು ನಮೂದುಗಳಾದವು. ಬಸ್‌ಸ್ಟ್ಯಾಂಡ್ ಹಿಂದಿನ ಮೋರಿಗೆ ಹೋಟೆಲಿನ ಪೈಪು ಬಿಟ್ಟಿದ್ದಾರೆ, ಬೆಳಗ್ಗೆ ಎಂಟೂವರೆಗೆ ಬಿಳಿ ನೀರು. ಬಜ್ಜಿ ಗಾಡಿಯ ಕರಿದ ಎಣ್ಣೆ, ಸಂಜೆ. ಗ್ಯಾರೇಜಿನ ಕಪ್ಪು ಆಯಿಲ್, ಶನಿವಾರ. ಕೋಳಿ ಅಂಗಡಿಯ ಪುಕ್ಕ, ಭಾನುವಾರ. ಮೂರನೇ ಅಡ್ಡರಸ್ತೆಯಲ್ಲಿ ಕಸದ ಆಟೋ ವಾರದಲ್ಲಿ ಎರಡೇ ದಿನ ಬಂದದ್ದು. ಮೂರನೇ ಅಡ್ಡರಸ್ತೆಯ ಮೋರಿಯಲ್ಲಿ ಕವರ್ ಜಾಸ್ತಿ. ಕೊನೆಯ ಎರಡನ್ನು ಅಕ್ಕಪಕ್ಕ ಬರೆದವಳು ಆ ಹುಡುಗಿಯೇ.

ಟೀಚರಮ್ಮ ಮತ್ತು ನಾಲ್ಕು ಮಕ್ಕಳು ಪಟ್ಟಿಯನ್ನು ನೀಟಾಗಿ ಬರೆದು ಸಂಬಂಧಪಟ್ಟ ಕಚೇರಿಗೆ ಒಯ್ದರು. ನಾನೂ ಹೋಗಿದ್ದೆ. ಗುಮಾಸ್ತರು ಒಳ್ಳೆಯವರೇ, ಮಕ್ಕಳಿಗೆ ಕುರ್ಚಿ ಹಾಕಿಸಿದರು. ಪತ್ರ ಓದಿ ನಗುತ್ತ ಹೇಳಿದರು, “ಮೇಡಂ, ಮಕ್ಕಳು ಸೈನ್ ಮಾಡಿರೋದಕ್ಕೆ ಇನ್‌ವರ್ಡ್ ನಂಬರ್ ಹಾಕಕ್ಕೆ ಬರಲ್ಲ. ಬೇಕಾದ್ರೆ ಒಂದು ಫೋಟೊ ತಗೊಳ್ಳಿ, ಸಾಹೇಬ್ರು ಬಂದ ಮೇಲೆ.”

ಟೀಚರಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಅದೇ ಹದಿನಾಲ್ಕನ್ನು ತಮ್ಮ ಹೆಸರಿನಲ್ಲಿ ಇನ್ನೊಂದು ಹಾಳೆಯಲ್ಲಿ ಬರೆದುಕೊಟ್ಟರು. ನಂಬರ್ ಬಿತ್ತು, ಸೀಲೂ ಬಿತ್ತು. ನಾನು ಬರೆದ ಸುದ್ದಿಯನ್ನು ಡೆಸ್ಕಿನವರು ಕತ್ತರಿಸಿ, ಮೀನಿನ ಫೋಟೊ ಮಾತ್ರ ಹಾಕಿದರು. ಕ್ಯಾಪ್ಷನ್ನಿನಲ್ಲಿ ‘ಮಕ್ಕಳಿಂದ ಜಾಗೃತಿ’ ಎಂದಿತ್ತು.

ಹೋಟೆಲಿನ ಪೈಪು ಇವತ್ತಿಗೂ ಅಲ್ಲೇ ಇದೆ. ಮೂರನೇ ಅಡ್ಡರಸ್ತೆಗೆ ಈಗ ಆಟೋ ವಾರಕ್ಕೆ ನಾಲ್ಕು ದಿನ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿದೆ. ಗ್ಯಾರೇಜಿನವರು ಹಳೆ ಆಯಿಲನ್ನು ನೀಲಿ ಡ್ರಮ್ಮಿಗೆ ತುಂಬಿಸಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡುತ್ತಿದ್ದಾರೆ. ಅವರಿಗೆ ಯಾವ ನೋಟಿಸೂ ಹೋಗಿಲ್ಲ. ಗ್ಯಾರೇಜಿನ ನಮೂದು ಬರೆದದ್ದು ಅವರ ಮಗ.